ಕಲೀನಾದ ಕಪಾಟಿನಲ್ಲಿ ಒಂದು ಉತ್ತರ

ಜುಲೈ ತಿಂಗಳ ಒಂದು ಮಂಗಳವಾರ, ಮಳೆ ತುಸು ಬಿಟ್ಟಿದ್ದಾಗ, ಮುಂಬಯಿಯ ಮಾಟುಂಗಾದಿಂದ ಲೋಕಲ್ ರೈಲು ಹಿಡಿದು ವಿ.ಟಿ. ಸ್ಟೇಷನ್ನಿಗೆ ಹೊರಟೆ. ನನ್ನ ಮಗಳು ವತ್ಸಲಾ ಬರೆದ ಪಿಎಚ್.ಡಿ. ಥೀಸಿಸ್ ಓದಬೇಕಿತ್ತು. ವೈವಾ ಮುಗಿಸಿದ ತಿಂಗಳಲ್ಲೇ ಅವಳು ಕಾಮಾಲೆಯಿಂದ ತೀರಿಕೊಂಡಳು. ಅವಳ ಕೋಣೆ ಖಾಲಿ ಮಾಡುವಾಗ, ಟೈಪ್ ಮಾಡಿದ ಕಾಗದದ ಕಟ್ಟೊಂದನ್ನು ಹಳೇ ಪೇಪರುಗಳ ಜೊತೆ ರದ್ದಿವಾಲಾನ ತಕ್ಕಡಿಗೆ ಹಾಕಿದವಳು ನಾನೇ. ಮಸುಕಾದ ಕಾರ್ಬನ್ ಅಕ್ಷರ ನೋಡಿ ರಫ್ ಕಾಪಿ ಅಂದುಕೊಂಡೆ. ಮನೆಗೆಂದು ಅವಳು ಇಟ್ಟುಕೊಂಡಿದ್ದ ಪ್ರತಿ ಅದೊಂದೇ. ಎರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ಫೋರ್ಟಿನಲ್ಲಿರುವ ಯೂನಿವರ್ಸಿಟಿಯ ಹಳೆಯ ಕಟ್ಟಡಕ್ಕೆ ವಿ.ಟಿ.ಯಿಂದ ನಡೆದೇ ಹೋದೆ. ಯೂನಿವರ್ಸಿಟಿ ಶುರುವಾಗಿ ನೂರು ವರ್ಷ ದಾಟಿದೆ. ಮೊದಮೊದಲು ಪಾಠವೆಲ್ಲ ಕಾಲೇಜುಗಳಲ್ಲಿ, ಇಲ್ಲಿ ಪರೀಕ್ಷೆ ಮತ್ತು ಪದವಿ ಮಾತ್ರ ಎಂದು ವತ್ಸಲಾ ಹೇಳುತ್ತಿದ್ದಳು. ಗಡಿಯಾರದ ಗೋಪುರದ ಕೆಳಗಿನ ಲೈಬ್ರರಿಯಲ್ಲಿ ಬಣ್ಣದ ಗಾಜಿನ ಬೆಳಕು ಓದುವವರ ತಲೆಯ ಮೇಲೆ ಬಿದ್ದಿತ್ತು. ನಮ್ಮ ಮಂಗಳೂರಿನ ಕಾನ್ವೆಂಟಿನ ಚಾಪೆಲ್ ನೆನಪಾಯಿತು. ಮೆಟ್ರಿಕ್ ಆದಾಗ ಅಲ್ಲಿನ ಸಿಸ್ಟರ್ ಒಬ್ಬರು ತಾವೇ ಕಾಲೇಜಿನ ಫಾರ್ಮ್ ತುಂಬಿ ಕೊಟ್ಟಿದ್ದರು. ಅದನ್ನು ಕೊಡುವ ಮೊದಲೇ ನನ್ನ ಮದುವೆ ಗೊತ್ತಾಯಿತು.

ಕೌಂಟರಿನ ಗುಮಾಸ್ತ ಮರ್ಯಾದೆಯಿಂದಲೇ ಹೇಳಿದ, "ಆಜಿ, ಆ ಡಿಪಾರ್ಟ್‌ಮೆಂಟಿನ ಥೀಸಿಸ್ ಎಲ್ಲ ಕಲೀನಾದ ಹೊಸ ಕ್ಯಾಂಪಸ್ಸಿಗೆ ಹೋದವು."

ಚರ್ಚ್‌ಗೇಟಿನಿಂದ ಸಾಂತಾಕ್ರೂಜ್‌ಗೆ ಇನ್ನೊಂದು ಲೋಕಲ್. ಸ್ಟೇಷನ್ನಿನ ಹೊರಗೆ ಬಸ್ಸಿಗೆ ಉದ್ದದ ಕ್ಯೂ. ನನ್ನ ಹಿಂದೆ ನಿಂತ ಬೆಲ್‌ಬಾಟಮ್ ಹುಡುಗಿ ನನ್ನ ಬಿಳಿ ಕೂದಲು ನೋಡಿ ನಕ್ಕಳು.

"ಆಂಟಿ, ಅಡ್ಮಿಷನ್?"

"ಯೆಸ್, ಎ ಲಿಟಲ್ ಲೇಟ್," ಎಂದೆ. ಕ್ಯೂನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಕಲೀನಾದ ಕ್ಯಾಂಪಸ್ ಎಂದರೆ ಆಗ ಕೆಸರು, ಆಳೆತ್ತರದ ಹುಲ್ಲು, ನಡುನಡುವೆ ಹೊಸ ಸಿಮೆಂಟಿನ ಕಟ್ಟಡಗಳು. ಡಿಪಾರ್ಟ್‌ಮೆಂಟುಗಳು ಒಂದೊಂದಾಗಿ ಫೋರ್ಟಿನಿಂದ ಇಲ್ಲಿಗೆ ಬರುತ್ತಿದ್ದವು. ಒಂದು ಬಾಗಿಲ ಬೋರ್ಡಿನ ಪೇಂಟ್ ಇನ್ನೂ ಒಣಗಿರಲಿಲ್ಲ. ಕ್ಯಾಂಟೀನಿನಲ್ಲಿ ಉಸಳ್-ಪಾವ್ ತಿಂದೆ. ಪಕ್ಕದ ಮೇಜಿನಲ್ಲಿ ಹುಡುಗರು ಪರೀಕ್ಷೆ ಮುಂದೆ ಹೋಗಬೇಕೋ ಬೇಡವೋ ಎಂದು ಜಗಳವಾಡುತ್ತಿದ್ದರು. ವತ್ಸಲಾ ಇಂಥದೇ ಬೆಂಚಿನಲ್ಲಿ ಕೂತಿರಬೇಕು. ಯಾವುದರಲ್ಲಿ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಲೈಬ್ರರಿಯ ಅಟೆಂಡರ್ ಒಬ್ಬ ಬಿಜಾಪುರದವನು.

"ಕುಂದರ್ರಿ ಅಮ್ಮಾರ. ನಿಮ್ಮ ಹಿಂದಿ ಕೇಳೇ ಗೊತ್ತಾತು, ಕನ್ನಡದಾವ್ರು ಅಂತ," ಎಂದು ನಕ್ಕು, ಕಪ್ಪು ರಟ್ಟಿನ ದಪ್ಪ ಪುಸ್ತಕವೊಂದನ್ನು ತಂದು ಧೂಳು ಒರೆಸಿದ. ಥೀಸಿಸ್ ಓದುವವರು ಅದರೊಳಗೆ ಅಂಟಿಸಿದ ಚೀಟಿಯಲ್ಲಿ ಹೆಸರು ಬರೆದು ಸಹಿ ಹಾಕುವುದು ಅಲ್ಲಿನ ಪದ್ಧತಿ. ಚೀಟಿ ಖಾಲಿಯಿತ್ತು. ನನ್ನದೇ ಮೊದಲ ಸಹಿ.

ಮುಂಬಯಿಗೆ ಬಂದು ನೆಲೆಸಿದ ಕನ್ನಡ ಮನೆಗಳ ಹೆಂಗಸರು ಎಷ್ಟು ಓದಿದರು, ಯಾಕೆ ಬಿಟ್ಟರು ಎನ್ನುವುದು ವತ್ಸಲಾಳ ವಿಷಯ. ಪರೇಲಿನ ಚಾಳುಗಳಲ್ಲಿ, ವಡಾಲದ ಕಾಲೊನಿಗಳಲ್ಲಿ ಮನೆಮನೆ ತಿರುಗಿ ಕೇಳಿದ್ದಳು. ನಾಲ್ಕನೆಯ ಅಧ್ಯಾಯದಲ್ಲಿ ಹೆಸರಿಲ್ಲದೆ, ಬರಿಯ ನಂಬರಿನಲ್ಲಿ ಆ ಹೆಂಗಸರ ಉತ್ತರಗಳಿದ್ದವು. ನಂಬರು ಹದಿನಾಲ್ಕು: ಮಾಟುಂಗಾದ ಗೃಹಿಣಿ, ಕಾನ್ವೆಂಟಿನಲ್ಲಿ ಮೆಟ್ರಿಕ್.

ಒಂದು ಮಧ್ಯಾಹ್ನ ಅವಳು ಅಡುಗೆಮನೆಯ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಂತದ್ದು ನೆನಪಿದೆ. "ಅಮ್ಮಾ, ಕಾಲೇಜಿಗೆ ಹೋಗುವ ಆಸೆ ಇರಲಿಲ್ವಾ?" ಎಂದಿದ್ದಳು. ತಮಾಷೆಗೆ ಕೇಳುತ್ತಿದ್ದಾಳೆ ಅಂದುಕೊಂಡೆ. "ಇಲ್ಲವೇ ಮಾರಾಯ್ತಿ, ನನಗೆಂಥ ಕಾಲೇಜು!" ಅಂದಿದ್ದೆ. ಆ ಮಾತನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು. ಕೆಳಗೆ ಬ್ರಾಕೆಟ್ಟಿನಲ್ಲಿ ಒಂದು ಸಾಲು: ಉತ್ತರಿಸಿದವರು ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ, ನನ್ನ ಮುಖ ನೋಡಲಿಲ್ಲ, ನಾನು ಮತ್ತೆ ಕೇಳಲಿಲ್ಲ.

ಆ ಸಾಲನ್ನು ಇನ್ನೊಮ್ಮೆ ಓದಿದೆ. ಆಮೇಲೆ ಅಟೆಂಡರನನ್ನು ಕರೆದೆ.

"ಇಲ್ಲಿ ಒಂದು ಉತ್ತರ ತಪ್ಪಿದೆ. ಪೆನ್ಸಿಲಿನಲ್ಲಿ ತಿದ್ದಲಾ?"

"ಛೇ ಛೇ, ಒಂದ್ ಗೀಟು ಸುದ್ದಾ ಹಾಕೂಹಂಗಿಲ್ರಿ. ತಪ್ಪಿದ್ರ ಬರದಾವ್ರಿಗೇ ಹೇಳಬೇಕು, ಅಮ್ಮಾರ."

ಪುಸ್ತಕ ಮುಚ್ಚಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ.

ಹೊರಗೆ ಮತ್ತೆ ಮಳೆ. ವಾಪಸು ಬಸ್ಸಿನಲ್ಲಿ ಯಾರೋ ಎದ್ದು ನನಗೆ ಸೀಟು ಕೊಟ್ಟರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಹುಲ್ಲಿನ ಆಚೆ ಲೈಬ್ರರಿಯ ಟ್ಯೂಬ್‌ಲೈಟುಗಳು ಹತ್ತಿದ್ದವು. ಪಕ್ಕದಲ್ಲಿ ಕಂಬಿ ಹಿಡಿದು ನಿಂತವಳು ಬೆಳಗಿನ ಹುಡುಗಿಯೇ.

"ಆಂಟಿ, ಮಿಲ್ ಗಯಾ ಅಡ್ಮಿಷನ್?"

ಈ ಸಲ ಅವಳ ಮುಖ ನೋಡಿದೆ.

"ನೋ, ಮೈ ಡಿಯರ್. ಬಟ್ ಐ ವಾಂಟೆಡ್ ಇಟ್. ಐ ವಾಂಟೆಡ್ ಇಟ್ ವೆರಿ ಮಚ್."

ಅವಳ ನಗು ನಿಂತಿತು. ಬಸ್ಸು ಕುಲುಕಿದಾಗ, ಮುಂಬಯಿಯಲ್ಲಿ ನಿಂತವರು ಕೂತವರಿಗೆ ಕೊಡುವ ಹಾಗೆ, ತನ್ನ ಪುಸ್ತಕಗಳನ್ನು ನನ್ನ ಮಡಿಲಲ್ಲಿಟ್ಟಳು. ಮೇಲಿನದು ತುಸು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿ, ಸಾಂತಾಕ್ರೂಜ್ ಬರುವ ತನಕ ಎರಡೂ ಕೈಯಲ್ಲಿ ಹಿಡಿದು ಕೂತೆ.