ಕುರ್ಚಿಯ ಅಂಚಿನಲ್ಲಿ ಅವ್ವ

ಹೈಸ್ಕೂಲಿನಲ್ಲಿ ನನ್ನನ್ನು ಸುಸ್ತು ಮಾಡಿ ಮಲಗಿಸಿದ್ದು ಗಣಿತವಲ್ಲ, ಚಿತ್ರಕಲೆ. ಹೀಗೆಂದರೆ ಜನ ನಗುತ್ತಾರೆ. ಚಿತ್ರ ಬರೆಯುವುದರಲ್ಲಿ ಸುಸ್ತೇನು ಬಂತು ಎನ್ನುತ್ತಾರೆ. ಅವರು ನಮ್ಮ ಡ್ರಾಯಿಂಗ್ ಸಾರ್ ಕೈಗೆ ಸಿಕ್ಕಿರಲಿಲ್ಲ, ಅಷ್ಟೇ.

ಆಂಧ್ರದ ಗಡಿಯ ಆದೋನಿಯ ನಮ್ಮ ಶಾಲೆಯಲ್ಲಿ ಮುರಿದ ಬೆಂಚುಗಳನ್ನು ಒಟ್ಟುವ ಕೋಣೆಯೊಂದಿತ್ತು. ಸಾರ್ ಆ ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ ಅದನ್ನೇ ಚಿತ್ರದ ಕೋಣೆ ಮಾಡಿಕೊಂಡಿದ್ದರು. ಶಾಲೆ ಬಿಟ್ಟ ಮೇಲೆ ದಿನಾ ಒಂದೂವರೆ ಗಂಟೆ ಅಲ್ಲಿರಬೇಕು. ಬಣ್ಣ ಮುಟ್ಟುವ ಹಾಗಿಲ್ಲ. ಮೊದಲ ಎರಡು ತಿಂಗಳು ಒಂದೇ ಇಟ್ಟಿಗೆಯನ್ನು ಬಿಡಿಸಿದೆವು. ಆಮೇಲೆ ಇಟ್ಟಿಗೆಯ ಪಕ್ಕಕ್ಕೆ ಒಂದು ತಂಬಿಗೆ ಬಂತು, ನಮಗೆ ಅದೇ ಹಬ್ಬ. ಸೇರುವಾಗ ಕೋಣೆ ತುಂಬ ಇದ್ದ ಹುಡುಗ ಹುಡುಗಿಯರಲ್ಲಿ ದೀಪಾವಳಿಯ ಹೊತ್ತಿಗೆ ಏಳು ಜನ ಉಳಿದೆವು. ನಾನು ಉಳಿದದ್ದು ಪ್ರೀತಿಯಿಂದಲ್ಲ, ಹಟದಿಂದ. ವರ್ಷದ ಕೊನೆಗೆ ಡ್ರಾಯಿಂಗಿನ ಸರಕಾರಿ ಪರೀಕ್ಷೆಯಿತ್ತು. ಅದು ಪಾಸಾದರೆ ಮುಂದೆ ಡ್ರಾಯಿಂಗ್ ಟೀಚರಾಗಬಹುದು ಎಂದು ಯಾರೋ ಹೇಳಿದ್ದರು. ಬೇರೆ ಯಾವ ವಿಷಯದಲ್ಲೂ ನನ್ನ ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ. ನನಗಿದ್ದದ್ದು ಅದೊಂದೇ ಬಾಗಿಲು. ಆದರೆ ತಾವು ಒಪ್ಪುವಂಥ ಚಿತ್ರ ತಂದು ತೋರಿಸುವ ತನಕ ಸಾರ್ ಯಾರ ಅರ್ಜಿಗೂ ಸಹಿ ಹಾಕುತ್ತಿರಲಿಲ್ಲ.

ಆ ಕೊನೆಯ ಚಿತ್ರವನ್ನು ಇದ್ದಿಲಿನಲ್ಲೇ ಬಿಡಿಸಬೇಕಿತ್ತು. ಇದ್ದಿಲನ್ನೂ ನಾವೇ ಮಾಡಿಕೊಳ್ಳಬೇಕು. ಒಣಗಿದ ಹತ್ತಿ ಕಡ್ಡಿಗಳನ್ನು ಬೆರಳುದ್ದ ಮುರಿದು, ತಗಡಿನ ಡಬ್ಬಿಯಲ್ಲಿ ಗಾಳಿಯಾಡದಂತೆ ಮುಚ್ಚಿ, ನೀರು ಕಾಯಿಸುವ ಒಲೆಯ ಕೆಂಡದಲ್ಲಿ ಹೂತಿಡುವುದು. ಸಂಜೆ ಹೂತರೆ ಬೆಳಗ್ಗೆ ಕಪ್ಪು ಕಡ್ಡಿಗಳು ಸಿದ್ಧ. ಮುಚ್ಚಳ ಸಡಿಲವಾದರೆ ಬರೀ ಬೂದಿ. ಒಲೆ ಅವ್ವನದಾದ್ದರಿಂದ ಡಬ್ಬಿ ಹೂಳುವ ಕೆಲಸವೂ ಅವ್ವನ ತಲೆಗೇ ಬಂತು.

ಬಿಡಿಸಬೇಕಾದದ್ದು ಮನೆಯ ಒಬ್ಬರನ್ನು, ಎದುರಿಗೆ ಕೂರಿಸಿಕೊಂಡು. ಫೋನಿನಲ್ಲಿ ಫೋಟೋ ತೆಗೆದು ನೋಡಿ ಬರೆದರೆ ಸಾರ್‌ಗೆ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು. ಒಂದೇ ಕಡೆಯಿಂದ ಬೆಳಕು ಬೀಳಬೇಕು, ಮನುಷ್ಯ ಕುರ್ಚಿಯ ಮೇಲೆ ಕೂತಿರಬೇಕು. ಅಪ್ಪ ಬೆಳಗಾದರೆ ಹತ್ತಿ ಮಾರುಕಟ್ಟೆಗೆ ಹೋದವನು ಊಟಕ್ಕೂ ಸರಿಯಾಗಿ ಸಿಗುತ್ತಿರಲಿಲ್ಲ. ತಾತನನ್ನು ಕೇಳುವ ಧೈರ್ಯವಿರಲಿಲ್ಲ. ಉಳಿದವಳು ಅವ್ವ.

ತೊಡಕು ಶುರುವಾದದ್ದೇ ಅಲ್ಲಿ. ನಮ್ಮ ಮನೆಯಲ್ಲಿ ಒಂದೇ ಕಡೆಯಿಂದ ಬೆಳಕು ಬೀಳುವ ಜಾಗ ಪಡಸಾಲೆಯ ಕಿಟಕಿ, ಅದು ತಾತನ ಜಾಗ. ನಮ್ಮಲ್ಲಿ ಸೊಸೆ ಮಾವನ ಎದುರು ಕುರ್ಚಿಯಲ್ಲಿ ಕೂರುವುದಿಲ್ಲ. ಯಾರೂ ಬೈದು ಹೇಳಿಕೊಟ್ಟದ್ದಲ್ಲ, ಹಾಗೆಯೇ ನಡೆದು ಬಂದದ್ದು. ತಾತನೂ ತನ್ನ ಪಾಲಿನ ಮರ್ಯಾದೆ ನಡೆಸುತ್ತಿದ್ದ. ಹೊರಗಿನಿಂದ ಬಂದರೆ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮುತ್ತಿದ್ದ. ಅವ್ವ ಎದ್ದು ತಲೆಯ ಮೇಲೆ ಸೆರಗು ಹೊದ್ದು ಒಳಗೆ ಸರಿಯುವಷ್ಟು ಹೊತ್ತು ಕಾದು, ಆಮೇಲೆ ಹೆಜ್ಜೆ ಇಡುತ್ತಿದ್ದ. ತಾನು ಸೊಸೆಯಾಗಿ ಬಂದ ಹದಿನಾರು ವರ್ಷಗಳಲ್ಲಿ ಅವನು ಒಮ್ಮೆಯೂ ಕೆಮ್ಮದೆ ಒಳಗೆ ಬಂದದ್ದಿಲ್ಲ ಎಂದು ಅವ್ವ ಹೆಮ್ಮೆಯಿಂದ ಹೇಳುತ್ತಿದ್ದಳು.

ನಾನು ಹೆದರುತ್ತಲೇ ತಾತನ ಹತ್ತಿರ ಆ ಜಾಗ ಕೇಳಿದೆ. ತಾತ ಪೇಪರ್ ಮಡಿಚಿದ.

"ಸಾಲಿ ಕೆಲಸ ಅಂದಮ್ಯಾಲ ಕುಂದ್ರಲಿ ಬಿಡು. ನಾ ಹೊರಗ ಕಟ್ಟಿಮ್ಯಾಲ ಇರ್ತೀನಿ."

ಹೀಗೆ ದಿನಾ ಸಂಜೆ ಮುಕ್ಕಾಲು ಗಂಟೆ ಅವ್ವ ಕುರ್ಚಿಯಲ್ಲಿ ಕೂತಳು. ಮೊದಲ ಹಾಳೆ ಮುಗಿಯಲು ನಾಲ್ಕು ದಿನ ಹಿಡಿಯಿತು. ಚೆನ್ನಾಗಿ ಬಂದಿದೆ ಎಂದೇ ಅಂದುಕೊಂಡು ಸಾರ್ ಮುಂದೆ ಹಿಡಿದೆ.

"ಬರುವು ಲೇದು," ಎಂದರು ಸಾರ್ ತೆಲುಗಿನಲ್ಲಿ. ಭಾರ ಇಲ್ಲ. "ಮುಖ ಸರಿ ಐತಮ್ಮಾ, ಕೈ ಸರಿ ಐತಿ. ಆದ್ರ ಇವರ ಭಾರ ಕುರ್ಚಿಮ್ಯಾಲ ಬಿದ್ದೇ ಇಲ್ಲ. ಇನ್ನೊಂದು ಮಾಡ್ಕೊಂಡು ಬಾ."

ಎರಡನೆಯದಕ್ಕೂ ಅದೇ ಮಾತು. ಮೂರನೆಯದಕ್ಕೆ ಅವರು ಮಾತೂ ಆಡದೆ ಕುರ್ಚಿಯ ಸುತ್ತ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆದು ಕೊಟ್ಟರು. ನನಗೆ ತಡೆಯಲಾಗಲಿಲ್ಲ.

"ಸಾರ್, ಆಕಿ ಹಂಗ ಕುಂದ್ರತಾಳ್ರಿ."

"ಹಂಗ ಯಾರೂ ಕುಂದ್ರೋದಿಲ್ಲಮ್ಮಾ. ಇದು ಏಳಾಕ ಹೊಂಟ ಮನಿಷಿ. ನಾ ಕೇಳಿದ್ದು ಕುಂತ ಮನಿಷಿ."

ಮನೆಗೆ ಬಂದು ಮೂರೂ ಹಾಳೆಗಳನ್ನು ನೆಲದ ಮೇಲೆ ಹರಡಿ ನೋಡಿದೆ. ನನ್ನ ಚಿತ್ರದಲ್ಲಿ ತಪ್ಪಿರಲಿಲ್ಲ. ಅವ್ವ ಕೂತದ್ದೇ ಹಾಗೆ. ಕುರ್ಚಿಯ ಹಲಗೆಯ ಅಂಚಿನ ನಾಲ್ಕು ಬೆರಳು ಜಾಗದಲ್ಲಿ, ಹಿಮ್ಮಡಿ ಎತ್ತಿ, ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು. ಕಟ್ಟೆಯ ಮೇಲೆ ತಾತ ಸ್ವಲ್ಪ ಅಲುಗಾಡಿದರೆ ಸಾಕು, ಇವಳ ಕುತ್ತಿಗೆ ಆ ಕಡೆ ತಿರುಗುತ್ತಿತ್ತು. ಸಾರ್ ಮೇಲೆ ಬರಬೇಕಾದ ಸಿಟ್ಟು ನನಗೆ ಅವ್ವನ ಮೇಲೆ ಬಂತು.

"ಹಿಂದಕ ಸರದು ಕುಂದ್ರು."

"ಕುಂತೀನಲ್ಲ."

"ಇದು ಕುಂದ್ರೋದಲ್ಲ. ಬೆನ್ನು ಆನಿಸಿ ಕುಂದ್ರು."

ಆನಿಸಿದಳು. ಒಂದು ನಿಮಿಷಕ್ಕೆ ಮತ್ತೆ ಮುಂದಕ್ಕೆ ಜಾರಿದಳು. ನಾನು ಕಡ್ಡಿ ಎಸೆದೆ. ನಿನ್ನಿಂದ ನನ್ನ ಪರೀಕ್ಷೆ ಹಾಳಾಗುತ್ತದೆ ಎಂದೆ. ಅವ್ವ ಕಡ್ಡಿ ಹುಡುಕಿ ನನ್ನ ಕೈಗೆ ಕೊಟ್ಟಳು.

"ಹೆಂಗ ಕುಂದ್ರಬೇಕೋ ನನಗ ತಿಳಿಯವಲ್ದವ್ವ. ನೀನ ತೋರ್ಸು."

ತೋರಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಹನ್ನೊಂದು ಹಾಳೆ ಆಗಿದ್ದವು, ಹನ್ನೊಂದಕ್ಕೂ ಕೆಂಪು ಸುತ್ತು. ನನ್ನ ಉಗುರಿನ ಕಪ್ಪು ಊಟಕ್ಕೆ ಕೂತಾಗಲೂ ಹೋಗುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಕೈ ನೋಯುತ್ತಿತ್ತು. ಅವ್ವ ಸಂಜೆ ಕಳೆದುಹೋಗುವ ಆ ಮುಕ್ಕಾಲು ಗಂಟೆಯನ್ನು ಹೊಂದಿಸಿಕೊಳ್ಳಲು ಬೆಳಗ್ಗೆ ಇನ್ನೂ ಬೇಗ ಏಳತೊಡಗಿದ್ದಳು. ಅವಳ ಕಣ್ಣ ಕೆಳಗಿನ ಕಪ್ಪು ದಿನೇ ದಿನೇ ಗಾಢವಾಗುವುದನ್ನು ನಾನು ಕಂಡೆ. ಕಂಡು, ಅದನ್ನು ಹಾಳೆಯ ಮೇಲೆ ಸರಿಯಾಗಿ ತಂದೆ. ಅದಕ್ಕಿಂತ ಹೆಚ್ಚಿನದೇನೂ ನನಗೆ ಆಗ ಹೊಳೆಯಲಿಲ್ಲ.

ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಒಂದೇ ದಿನ ಉಳಿದಿದ್ದಾಗ ತಾತ ಗೋನೆಗಂಡ್ಲದ ಬೀಗರ ಮನೆಗೆ ಹೊರಟ. ಮರುದಿನ ಬರುತ್ತೇನೆ ಎಂದು ಹೇಳಿ ಹೋದ. ಅವತ್ತು ಭಾನುವಾರ. ಮಧ್ಯಾಹ್ನ ಊಟ ಮುಗಿದ ಮೇಲೆ ಅವ್ವನನ್ನು ಕರೆದು ಕೂರಿಸಿದೆ. ಕಟ್ಟೆ ಖಾಲಿಯಿತ್ತು. ಆದರೂ ಅಂಚಿನಲ್ಲೇ ಕೂತಳು. ನನಗೆ ಬೈಯುವ ಶಕ್ತಿಯೂ ಉಳಿದಿರಲಿಲ್ಲ, ಸುಮ್ಮನೆ ಹಾಳೆಗೆ ಪಿನ್ನು ಚುಚ್ಚಿದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

ನೋಡನೋಡುತ್ತಿದ್ದಂತೆ ಅವಳ ಮೈ ಹಿಂದಕ್ಕೆ ಇಳಿಯಿತು. ಮೊದಲು ಬೆನ್ನು ಆನಿತು, ಆಮೇಲೆ ಹಿಮ್ಮಡಿಗಳು ನೆಲ ಮುಟ್ಟಿದವು. ಸೆರಗು ತಲೆಯಿಂದ ಜಾರಿ ಹೆಗಲ ಮೇಲೆ ಬಿತ್ತು, ಬಾಯಿ ಸ್ವಲ್ಪ ತೆರೆಯಿತು, ಮುಷ್ಟಿ ಬಿಚ್ಚಿ ಬಲಗೈ ತೊಡೆಯ ಮೇಲೆ ಅಂಗಾತ ಬಿತ್ತು. ಹಳೆಯ ಕುರ್ಚಿ ಒಮ್ಮೆ ಕಿರುಗುಟ್ಟಿತು. ನಾನು ಉಸಿರು ಬಿಗಿಹಿಡಿದು ಬರೆಯತೊಡಗಿದೆ. ಅಳಿಸಬೇಕಾದ ಗೆರೆಯೇ ಬೀಳಲಿಲ್ಲ. ಗಂಟೆಯೊಂದು ಹೋದದ್ದು ನನಗೆ ತಿಳಿಯಲಿಲ್ಲ. ಎಡಗೈ ಒಂದು ಉಳಿದಿತ್ತು.

ಬಾಗಿಲಲ್ಲಿ ತಾತ ಕೆಮ್ಮಿದ.

ಬೀಗರು ಊರಲ್ಲಿರಲಿಲ್ಲವಂತೆ, ಅದೇ ದಿನ ತಿರುಗಿ ಬಂದಿದ್ದ. ಅದು ನನಗೆ ಆಮೇಲೆ ಗೊತ್ತಾದದ್ದು. ಅವ್ವ ಅಲುಗಲಿಲ್ಲ. ಅವಳು ನನ್ನಿಂದ ಒಂದು ಮಾರು ದೂರದಲ್ಲಿದ್ದಳು. ಮೊಣಕಾಲು ಮುಟ್ಟಿ ಅವ್ವಾ ಎಂದಿದ್ದರೆ ಸಾಕಿತ್ತು. ತಾತ ಎರಡನೇ ಸಲ ಕೆಮ್ಮಿದ, ಎಂದಿನಂತೆ ಕಾದ. ಅವನು ಕಾಯುವಷ್ಟು ಹೊತ್ತಿನಲ್ಲಿ ನಾನು ಎಡಗೈಯ ನಾಲ್ಕು ಬೆರಳು ಮುಗಿಸಿದೆ. ಒಳಗೆ ಯಾರೂ ಇಲ್ಲವೆಂದುಕೊಂಡು ಅವನು ಹೊಸ್ತಿಲು ದಾಟಿ ಬಂದ.

ಅವ್ವ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ತಲೆಯ ಮೇಲೆ ಸೆರಗಿಲ್ಲ, ಕೈಗೆ ಸೆರಗು ಸಿಗುತ್ತಿಲ್ಲ. ತಾತ ಥಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. "ಇರ್ಲಿ, ಇರ್ಲಿ," ಎಂದು ತಾನೇ ತಪ್ಪು ಮಾಡಿದವನ ಹಾಗೆ ಹಿಂದೆ ಹಿಂದೆ ಸರಿದು ಹೊರಗೆ ಹೋದ. ಅವನ ಮುಖ ಕೆಂಪಾಗಿತ್ತು. ಅವನು ಬೈದಿದ್ದರೆ ನನಗೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಅನುಕೂಲವಾಗುತ್ತಿತ್ತು.

ಅವ್ವ ಕುರ್ಚಿ ಎತ್ತಿ ಗೋಡೆಗೆ ಇಟ್ಟಳು. ಹಾಳೆಯ ಕಡೆ ನೋಡಲಿಲ್ಲ, ನನ್ನನ್ನು ನೋಡಿದಳು.

"ಮಾವಾರು ಕೆಮ್ಮಿದ್ದು ನಿನಗ ಕೇಳಿಸಿತ್ತಲ್ಲ."

ನಾನು ಹಾಳೆಯ ಪಿನ್ನು ಕೀಳತೊಡಗಿದೆ.

"ನೀ ಎಚ್ಚರ ಇದ್ದೆಲ್ಲವ್ವ," ಎಂದು ಮತ್ತೊಮ್ಮೆ ಅಂದು, ತಾತನಿಗೆ ನೀರು ಕೊಡಲು ಒಳಗೆ ಹೋದಳು. ನೀರಿನ ಚೊಂಬನ್ನು ಅವತ್ತು ನನ್ನ ಕೈಯಲ್ಲೇ ಕಳಿಸಿದಳು. ತಾನು ಕಟ್ಟೆಯ ಹತ್ತಿರ ಹೋಗಲಿಲ್ಲ.

ಮರುದಿನ ಸಾರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೆಂಪು ಪೆನ್ಸಿಲು ಜೇಬಿನಲ್ಲೇ ಇತ್ತು.

"ಇಪ್ಪುಡು ಕೂರ್ಚುನ್ನಾರು," ಎಂದರು. ಈಗ ಕೂತಿದ್ದಾರೆ. "ಹೆಂಗ ಆತಮ್ಮಾ ಇದು?"

"ನಿದ್ದಿ ಹತ್ತಿತ್ರಿ ಸಾರ್."

"ಎಬ್ಬಸಲಿಲ್ಲಲ್ಲ, ಚಲೋ ಮಾಡಿದಿ."

ನನ್ನ ಅರ್ಜಿಗೆ ಸಹಿ ಹಾಕಿ ಕೊಟ್ಟರು. ಅಷ್ಟು ತಿಂಗಳುಗಳಲ್ಲಿ ಸಾರ್ ನನ್ನನ್ನು ಹೊಗಳಿದ್ದು ಅದೊಂದೇ ಸಲ.