ಬಾಗಿಲು ಬಡಿದ ಡ್ರಮ್ಮಣ್ಣ

ನಮ್ಮಣ್ಣನಿಗೆ ಬೀದಿಯವರಿಟ್ಟ ಹೆಸರು ಡ್ರಮ್ಮಣ್ಣ. ಬ್ಯಾಂಡ್ ಸೆಟ್ಟಿನಲ್ಲಿ ದೊಡ್ಡ ಡ್ರಮ್ಮನ್ನು ಹೊಟ್ಟೆಗೆ ಆನಿಸಿಕೊಂಡು ನಡೆಯುವವನು. ಉಳಿದವರು ಎಷ್ಟೇ ಕೆನ್ನೆ ಉಬ್ಬಿಸಿ ಊದಲಿ, ಹೆಜ್ಜೆ ಹಾಕುವುದು ಮಾತ್ರ ಅವನ ಪೆಟ್ಟಿಗೆ.

ಆ ಹೊಟ್ಟೆಗೇ ಕತ್ತರಿ ಬಿತ್ತು. ಕರುಳಿನ ಗಡ್ಡೆ ತೆಗೆದ ಡಾಕ್ಟರು ಹೊಕ್ಕುಳಿನ ಪಕ್ಕ ಒಂದು ದಾರಿ ಮಾಡಿ, ಮಲ ಬಂದು ಸೇರುವುದಕ್ಕೆ ಅಲ್ಲೊಂದು ಚೀಲ ಅಂಟಿಸಿ ಕಳಿಸಿದರು. ಗಾಯ ಮಾಯಿತು. ಚೀಲ ಖಾಲಿ ಮಾಡುವುದು, ಬದಲಾಯಿಸುವುದು ಎಲ್ಲ ನೀರು ಕುಡಿದಷ್ಟು ಸಲೀಸಾಯಿತು. ಆದರೆ ಮನುಷ್ಯ ಕೋಣೆ ಸೇರಿಬಿಟ್ಟ. ಊಟದ ತಟ್ಟೆಯೂ ಒಳಗೇ. ಅತ್ತಿಗೆ ಮಾತಾಡಿಸಲು ಹೋದರೆ ಗೋಡೆ ಕಡೆ ತಿರುಗುವನು.

"ನಾಲ್ಕು ಜನರ ಮಧ್ಯೆ ಇದು ಗೊರ್ ಅಂದ್ರೆ ಮುಖ ಎಲ್ಲಿಟ್ಕೊಳ್ಳಲಿ? ತಡ್ಕೊಳ್ಳೋಕೂ ಆಗಲ್ಲ. ಬ್ಯಾಂಡಿಗೆ ಬೇರೆಯವರನ್ನ ನೋಡ್ಕೊಳ್ಳೋಕೆ ಹೇಳು ತಂಗಿ" ಎಂದ.

ನನಗೆ ಮೈಯೆಲ್ಲ ಉರಿಯಿತು. ಸಾವಿನ ಬಾಯಿಂದ ಎಳೆದು ತಂದ ಅಣ್ಣನನ್ನು ನಾಚಿಕೆಯ ಬಾಯಿಗೆ ಕೊಡುವುದೇ? ನೆಟ್ಟಗೆ ಟ್ರಂಪೆಟ್ ಮಾಸ್ತರರ ಮನೆಗೆ ಹೋದೆ. ಬ್ಯಾಂಡಿನ ಯಜಮಾನರು ಅವರೇ. "ಈ ವಾರದ ಪ್ರಾಕ್ಟೀಸು ನಮ್ಮ ನಡುಮನೇಲಿ" ಎಂದೆ. ಅತ್ತಿಗೆ ಕುರ್ಚಿ ಮೇಜೆಲ್ಲ ಹೊರಗೆ ಹಾಕಿದಳು.

ಬಂದರು ನೋಡಿ, ಒಂದು ದಂಡೇ! ಡ್ರಮ್ಮು ಮಾಸ್ತರರ ಅಳಿಯನ ಕೊರಳಿಗೆ ಬಿದ್ದಿತ್ತು. ಅವನಿಗೋ ಎಲ್ಲದಕ್ಕೂ ಅವಸರ. ನಿಧಾನವಾಗಿ ಶುರುವಾದ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಓಡತೊಡಗಿತು. ಊದುವವರಿಗೆ ಉಸಿರು ಸಾಲದು. ಮಾಸ್ತರರ ಮುಖ ಕೆಂಪೇರಿತು.

ಆಗ ಕೋಣೆಯ ಬಾಗಿಲು ಒಳಗಿನಿಂದ ಧಬ್ ಎಂದಿತು. ಮತ್ತೆ ಧಬ್. ಅಳತೆ ತಪ್ಪದ ಪೆಟ್ಟು. ಅಣ್ಣನಿಗೆ ತಡೆಯಲಾಗಿರಲಿಲ್ಲ. ಅಳಿಯ ಕೋಲು ಕೆಳಗಿಟ್ಟ. ಬ್ಯಾಂಡಿನವರೆಲ್ಲ ಬಾಗಿಲ ಕಡೆ ತಿರುಗಿ ಅದರ ಪೆಟ್ಟಿಗೇ ಊದಿ ಹಾಡು ಮುಗಿಸಿದರು. ಅತ್ತಿಗೆ ಅಂಗೈಯಲ್ಲಿ ಕಣ್ಣೊರೆಸಿಕೊಂಡಳು.

"ಏನ್ ಅಳಿಯಂದ್ರೇ, ರೈಲು ತಪ್ಪಿಹೋಗುತ್ತಾ?" ಎಂದು ಬೈಯುತ್ತಲೇ ಅಣ್ಣ ಬಾಗಿಲು ತೆರೆದು ಬಂದ. ಅಷ್ಟರಲ್ಲಿ ಅವನು ಹೆದರಿದ್ದೇ ಆಯಿತು. ಅಂಗಿಯ ಒಳಗಿಂದ ಗೊರ್ ಎಂಬ ಸದ್ದು. ಎಲ್ಲರ ಕಣ್ಣೂ ಅವನ ಹೊಟ್ಟೆಯ ಮೇಲೆ. ಅಣ್ಣನ ಕೈ ಚಿಲಕಕ್ಕೆ ಹೋಯಿತು. ಈಗ ಒಳಗೆ ಹೋದರೆ ಇವನು ಇನ್ನು ಬರುವವನಲ್ಲ ಎಂದುಕೊಂಡೆ.

"ಯಾರಪ್ಪಾ ಅದು?" ಎಂದು ಮಾಸ್ತರರು ಗದರಿದರು. "ನಮ್ಮ ಕ್ಲಾರಿನೆಟ್ಟಿನವನಿಗಿಂತ ಶ್ರುತಿಯಲ್ಲಿದೆ!"

ಕ್ಲಾರಿನೆಟ್ಟಿನವನೇ ಮೊದಲು ನಕ್ಕ. ಅಣ್ಣ ಚಿಲಕ ಬಿಟ್ಟ. "ನನ್ನ ಚೀಲ ಮಾಸ್ತರೇ. ಮಲ ಇದರಲ್ಲೇ ಬರೋದು. ಹೇಳದೆ ಕೇಳದೆ ಸದ್ದು ಮಾಡುತ್ತೆ" ಎಂದ.

"ಮಾಡ್ಲಿ ಬಿಡಯ್ಯ. ನಾವೇನು ಸುಮ್ಮನಿರೋ ಜನಾನಾ?"

ಡ್ರಮ್ಮು ಹೊಟ್ಟೆಗೆ ತಾಗಬಾರದೆಂದು ಅಳಿಯನೇ ಎರಡು ಗಾಲಿಯ ಗಾಡಿ ಮಾಡಿ, ತಳ್ಳಲೂ ತಾನೇ ನಿಂತ. ಗೆದ್ದ ಫುಟ್‌ಬಾಲ್ ತಂಡದ ಮೆರವಣಿಗೆಗೆ ಅಣ್ಣ ಹೊರಟ. ದೊಡ್ಡ ರಸ್ತೆಯ ನಡುವೆ, ಜನ ಕಿಕ್ಕಿರಿದಿರುವಾಗ, ಕೋಲೆತ್ತಿ ಎಲ್ಲರನ್ನೂ ನಿಲ್ಲಿಸಿದ.

"ಚೀಲ ತುಂಬಿದೆ. ಖಾಲಿ ಮಾಡ್ಕೊಂಡು ಬರ್ತೀನಿ, ನಿಂತಿರಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಎದುರಿನ ಹೋಟೆಲ್ಲಿಗೆ ನಡೆದ.

ಅಷ್ಟು ದೊಡ್ಡ ಮೆರವಣಿಗೆ, ಕಪ್ ಹಿಡಿದ ಆಟಗಾರರ ಸಮೇತ, ನನ್ನಣ್ಣನಿಗಾಗಿ ಕಾದು ನಿಂತಿತು. ಅವನು ಕೈ ಒರೆಸಿಕೊಳ್ಳುತ್ತಾ ಬಂದ, ಒಂದು ಪೆಟ್ಟು ಕೊಟ್ಟ. ಬೀದಿಗೆ ಬೀದಿಯೇ ಹೊರಟಿತು.