ಪೊರಕೆ ಗಿಡಕ್ಕೆ ಉಳಿದ ನಾಲ್ಕು ಬೆಳಗು

ಸೂರ್ಯ ಗುಡ್ಡ ಹತ್ತುವ ಮೊದಲೇ ಪೊರಕೆ ಅಕ್ಕ ಹತ್ತಿದ್ದಾರೆ. ಮೂಗು-ಬಾಯಿಗೆ ಟವೆಲ್, ಸೊಂಟಕ್ಕೆ ಬೀಜ ತುಂಬಲು ದಿಂಬಿನ ಗವಸು. ಎದುರಿಗೆ ಎದೆಯೆತ್ತರದ ಕಾಡುಗಿಡ, ಸೇವಂತಿಗೆಯ ದೂರದ ನೆಂಟ. ಹೂ ಒಣಗಿದ ಮೇಲೆ ಇದರ ಒಂದೊಂದು ಬೀಜಕ್ಕೂ ಬಿಳಿ ನವಿರಿನ ಕುಚ್ಚು. ಇಬ್ಬನಿಗೆ ಒದ್ದೆಯಾಗಿರುವಾಗಲೇ ಬಿಡಿಸಬೇಕು. ಬಿಸಿಲು ತಾಗಿತೋ, ಕುಚ್ಚು ಅರಳಿ ಬೀಜ ಹಾರಿಹೋಗುತ್ತದೆ.

ಸಸಿ ಬೆಳೆಸುವ ನರ್ಸರಿಯ ಗಾಡಿ ಓಡಿಸುವ ತಮ್ಮನಿಗೆ ಇವತ್ತು ನೆಗಡಿ. ಹತ್ತಿರ ಬಂದವನನ್ನು ಅಕ್ಕ ಗದರುತ್ತಾರೆ: "ನಿಲ್ಲೋ ಅಲ್ಲೇ! ನೀನೊಂದು ಸೀನು ಸೀನಿದ್ರೆ ವರ್ಷದ ಬೆಳೆ ಆಕಾಶ ಸೇರುತ್ತೆ."

"ನೋಡಿ ಸಾರ್, ಒಡಹುಟ್ಟಿದವನಿಗಿಂತ ಗಿಡ ಹೆಚ್ಚು," ಎಂದು ಅವನು, ಅಕ್ಕನ ಬಗ್ಗೆ ಬರೆಯಲು ಬಂದ ನನಗೆ ಚಾಡಿ ಹೇಳುತ್ತಾನೆ.

ಅಕ್ಕನ ಅವಸರಕ್ಕೆ ಕಾರಣವಿದೆ. ರಸ್ತೆ ಅಗಲ ಮಾಡುವ ಯಂತ್ರ ಕೆಳಗೆ ನಿಂತಿದೆ, ಸೋಮವಾರ ಮೇಲೆ ಬರುತ್ತದೆ. ಉಳಿದಿರುವುದು ಹನ್ನೊಂದು ಗಿಡ, ನಾಲ್ಕು ಬೆಳಗು. ಸುತ್ತಮುತ್ತ ತಾನಾಗಿ ಬೆಳೆದ ಈ ಗಿಡ ಬೇರೆಲ್ಲೂ ಇಲ್ಲ.

ಐವತ್ತಾರರ ಅಕ್ಕನ ಬಾಲ್ಯದಲ್ಲಿ ಗುಡ್ಡವಿಡೀ ಇದೇ. ಅಪ್ಪ ಇದರ ಕಡ್ಡಿಯಿಂದ ಪೊರಕೆ ಕಟ್ಟುತ್ತಿದ್ದರು. "ಬೀಜ ಹಾರೋ ಕಾಲಕ್ಕೆ ಊಟದ ತಟ್ಟೇಲೂ ಹತ್ತಿ, ಅಮ್ಮನ ಜಡೇಲೂ ಹತ್ತಿ. ಪೊರಕೆ ಮಾಡೋರ ಮನೇಲೇ ಕಸ ನೋಡು ಅಂತ ಅಮ್ಮ ಬೈಯೋಳು." ನಕ್ಕು, ಮುಂದಿನ ಕೊಂಬೆಗೆ ಕೈ ಹಾಕುತ್ತಾರೆ. ಆಮೇಲೆ ಪ್ಲಾಸ್ಟಿಕ್ ಪೊರಕೆ ಬಂತು, ಅಪ್ಪನ ಕೈ ಖಾಲಿಯಾಯಿತು. ಗುಡ್ಡದ ತುಂಬ ಮನೆಗಳೆದ್ದವು.

ಇಪ್ಪತ್ತೆರಡು ವರ್ಷದಿಂದ ಅಕ್ಕ ನರ್ಸರಿಯಲ್ಲಿ ಕಸ ಗುಡಿಸುತ್ತಾರೆ. ಅಲ್ಲಿಯವರು ಮೂರು ವರ್ಷ ಈ ಬೀಜ ಬಿತ್ತಿದರು, ಒಂದೂ ಮೊಳೆಯಲಿಲ್ಲ. ಒಂದು ದಿನ ನೀರಿನ ತೊಟ್ಟಿಯ ಪಕ್ಕ, ತಾವೇ ಗುಡಿಸಿ ಸುರಿದ ಕಸದ ಮೇಲೆ ಅಕ್ಕನಿಗೆ ಇದೇ ಗಿಡದ ಹಸಿರು ಮೊಳಕೆ ಕಂಡಿತು. "ದೊಡ್ಡ ಮೇಡಂ ಹತ್ರ ಹೋದೆ. 'ಮಗೂಗೆ ಕಂಬಳಿ ಹೊದಿಸಿದಂಗೆ ಮಣ್ಣು ಮುಚ್ತೀರಲ್ಲ, ಅದಕ್ಕೆ ಬೆಳಕು ಬೇಕಮ್ಮ' ಅಂದೆ." ಆ ಸಲ ಮಣ್ಣಿನ ಮೇಲೆ ಸುಮ್ಮನೆ ಉದುರಿಸಿದರು. ನಾನೂರು ಬೀಜಕ್ಕೆ ನೂರರವತ್ತು ಸಸಿ. ಬೀಜ ಬಿಡಿಸುವ ಕೆಲಸ ಅಂದಿನಿಂದ ಅಕ್ಕನದೇ.

ಬಿಸಿಲು ಬಂತು. ಗವಸಿನ ಬಾಯಿ ಕಟ್ಟುತ್ತಾರೆ. ಗಿಡದಲ್ಲಿ ಒಂದು ಕೊಂಬೆ ಹಾಗೇ ಉಳಿದಿದೆ.

"ಅದನ್ನೂ ಬಿಡಿಸಕ್ಕ. ಸೋಮವಾರ ಹೇಗೂ ಮಣ್ಣಾಗುತ್ತೆ," ಎನ್ನುತ್ತಾನೆ ತಮ್ಮ.

"ಒಂದು ಕೊಂಬೆ ಗಾಳಿಗೆ ಬಿಡ್ಬೇಕು ಅಂತಿದ್ರು ಅಪ್ಪ. ನಾನು ಬಿತ್ತೋಕೆ ಕಲಿತಿದ್ದು ಮೊನ್ನೆ ಕಣೋ. ಗಾಳಿ ಎಷ್ಟು ಕಾಲದಿಂದ ಬಿತ್ತುತ್ತಿದೆಯೋ! ನನ್ನ ಕೈ ತಪ್ಪಿದ್ರೆ, ಅದರ ಕೈಲಾದ್ರೂ ಒಂದು ಉಳೀಲಿ."